ಲಸಿಕೆಯ ತರುವಾಯದ ಅರ್ಧ ಗಂಟೆ

ಮನೆಯ ನಾಯಿಗೋ ಬೆಕ್ಕಿಗೋ ಲಸಿಕೆ ಹಾಕಿಸಿ, ಪುಸ್ತಕದಲ್ಲಿ ಮೊಹರು ಬಿದ್ದೊಡನೆಯೇ ತನ್ನ ಕರ್ತವ್ಯವು ಮುಗಿಯಿತೆಂದು ಹೊರಟುಬಿಡುವ ಒಡೆಯನೂ, ಆತನನ್ನು ಹಾಗೆಯೇ ಬೀಳ್ಕೊಟ್ಟು ಮುಂದಿನ ಪ್ರಾಣಿಯನ್ನು ಮೇಜಿಗೇರಿಸುವ ವೈದ್ಯನೂ ಒಂದೇ ಬಗೆಯ ಅಲಕ್ಷ್ಯಕ್ಕೆ ಭಾಗಿಗಳು. ಲಸಿಕೆಯ ವಿಧಿಯು ಸೂಜಿಯೊಂದಿಗೆ ಸಮಾಪ್ತವಾಗುವುದಿಲ್ಲ. ತರುವಾಯ ಅರ್ಧ ಗಂಟೆಯಾದರೂ ಪ್ರಾಣಿಯನ್ನು ಚಿಕಿತ್ಸಾಲಯದ ಆವರಣದಲ್ಲಿಯೇ ಇರಿಸಿಕೊಂಡು ನಿರೀಕ್ಷಿಸುವುದೂ, ಆ ದಿನವೆಲ್ಲ ಅದರ ಮೇಲೆ ಕಣ್ಣಿಟ್ಟಿರುವುದೂ ಆ ವಿಧಿಯ ಅಂಗಗಳೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ದೇಹದ ರಕ್ಷಣಾಶಕ್ತಿಯನ್ನು ಉದ್ದೇಶಪೂರ್ವಕವಾಗಿ ಕೆಣಕುವುದೇ ಲಸಿಕೆಯ ಕೆಲಸವಾದುದರಿಂದ, ಒಂದೆರಡು ದಿನ ಮೈ ಬೆಚ್ಚಗಾಗುವುದು, ಊಟದಲ್ಲಿ ಆಸಕ್ತಿ ತಗ್ಗುವುದು, ಮೂಲೆ ಹಿಡಿದು ಮಲಗುವುದು, ಚುಚ್ಚಿದ ಎಡೆಯಲ್ಲಿ ನೋವೋ ಸಣ್ಣ ಗಂಟೋ ಕಾಣಿಸುವುದು ಸಹಜವೇ ಆಗಿದೆ. ನೀರನ್ನೂ ವಿಶ್ರಾಂತಿಯನ್ನೂ ಒದಗಿಸಿದರೆ ಸಾಕು. ಆದರೆ ಜ್ವರವೆಂದು ಮನೆಯ ಡಬ್ಬಿಯಿಂದ ಪ್ಯಾರಸಿಟಮಾಲ್ ಮಾತ್ರೆಯನ್ನು ತೆಗೆದು ಕೊಡುವ ಅಭ್ಯಾಸವನ್ನು ಎಷ್ಟು ಕಠಿನವಾಗಿ ಖಂಡಿಸಿದರೂ ಸಾಲದು. ಬೆಕ್ಕಿನ ಯಕೃತ್ತಿಗೆ ಆ ಔಷಧವನ್ನು ನಿರ್ವಿಷಗೊಳಿಸುವ ಸಾಮರ್ಥ್ಯವು ಅತ್ಯಲ್ಪವಾದುದರಿಂದ ಒಂದೇ ಮಾತ್ರೆಯೂ ಅದರ ಪ್ರಾಣವನ್ನು ತೆಗೆಯಬಲ್ಲುದು.

ಭಯಪಡಬೇಕಾದುದು ಬೇರೆಯದಕ್ಕೆ. ಕೆಲವು ನಿಮಿಷಗಳಲ್ಲಿ, ಅಥವಾ ಕೆಲವು ತಾಸುಗಳೊಳಗೆ, ಮುಖವೂ ಕಣ್ಣಿನ ಸುತ್ತಲೂ ಊದಿಕೊಂಡು, ಮೈಯೆಲ್ಲ ದದ್ದೆದ್ದು ತುರಿಸತೊಡಗಿದರೆ ಅದು ಒಗ್ಗದಿಕೆಯ ಚಿಹ್ನೆ. ಒಸಡು ಬಿಳಿಚಿ, ಉಸಿರು ಕಷ್ಟವಾಗಿ, ಕಾಲು ಕುಸಿದರೆ ಅದೇ ಒಗ್ಗದಿಕೆಯು ಪ್ರಾಣಾಂತಿಕವಾಗಿ ಪರಿಣಮಿಸಿದೆಯೆಂದು ತಿಳಿಯಬೇಕು. ನಾಯಿಗಳಲ್ಲಿ ಈ ಆಘಾತದ ಮುಖ್ಯ ಪೆಟ್ಟು ಯಕೃತ್ತಿಗೂ ಕರುಳಿಗೂ ಬೀಳುವುದರಿಂದ, ಮುಖ ಊದದೆಯೇ ಮೇಲಿಂದ ಮೇಲೆ ವಾಂತಿಭೇದಿಗಳು ತಲೆದೋರಬಹುದು. ಅದನ್ನು ತಿಂದದ್ದರ ದೋಷವೆಂದು ಬಗೆದು ಕಾಯುತ್ತ ಕೂಡುವುದೇ ಅನಾಹುತಕ್ಕೆ ದಾರಿ. ಈ ಸ್ಥಿತಿಗೆ ಅಡ್ರಿನಲೀನ್ ಚುಚ್ಚುಮದ್ದೇ ಪ್ರಥಮ ಚಿಕಿತ್ಸೆ, ಮತ್ತು ಅದು ಮನೆಯಲ್ಲಿ ದೊರೆಯುವ ವಸ್ತುವಲ್ಲ. ಆದಕಾರಣ, ಚಿಕಿತ್ಸಾಲಯವು ಮುಚ್ಚುವ ಹೊತ್ತಿಗೆ ಓಡಿ ಲಸಿಕೆ ಹಾಕಿಸುವುದಕ್ಕಿಂತ, ಮುಂದಿನ ತಾಸುಗಳಲ್ಲಿಯೂ ವೈದ್ಯರು ಸಿಕ್ಕುವಂತೆ ಬೆಳಗಿನ ವೇಳೆಯನ್ನು ಆರಿಸಿಕೊಳ್ಳುವುದು ಲೇಸು.

ಇಂಥ ವಿಪತ್ತು ವಿರಳ. ಅಮೆರಿಕದಲ್ಲಿ 12 ಲಕ್ಷಕ್ಕೂ ಮಿಕ್ಕ ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ದಿನಗಳೊಳಗೆ ಕಂಡ ಸಣ್ಣ ದೊಡ್ಡ ಎಲ್ಲ ದುಷ್ಪರಿಣಾಮಗಳೂ ಕೂಡಿ 10,000 ನಾಯಿಗಳಿಗೆ ಸುಮಾರು 38ರಷ್ಟಿದ್ದುವು. ಆದರೆ ಒಂದೇ ಭೇಟಿಯಲ್ಲಿ ಹಾಕಿದ ಲಸಿಕೆಗಳ ಸಂಖ್ಯೆ ಏರಿದಂತೆ ಅಪಾಯವೂ ಏರಿತ್ತು, ಅದೂ ಪುಟ್ಟ ಗಾತ್ರದ ನಾಯಿಗಳಲ್ಲಿ ಹೆಚ್ಚಾಗಿ. ನಮ್ಮ ನಗರಗಳ ಮನೆಗಳಲ್ಲಿ ಸಣ್ಣ ತಳಿಗಳನ್ನು ಸಾಕುವವರು, ಎಲ್ಲವನ್ನೂ ಒಂದೇ ದಿನ ಮುಗಿಸಿಬಿಡೋಣವೆಂಬ ಆತುರವನ್ನು ಬಿಟ್ಟು, ಅಂತರವಿಟ್ಟು ಹಾಕಬಹುದೇ ಎಂದು ವೈದ್ಯರನ್ನು ಕೇಳಬೇಕು.

ಬೆಕ್ಕುಗಳ ವಿಷಯದಲ್ಲಿ ಇನ್ನೊಂದು ಮಾತು. ಚುಚ್ಚಿದೆಡೆಯ ಗಂಟು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಇಲ್ಲವೆ ಒಂದು ತಿಂಗಳ ಮೇಲೂ ಬೆಳೆಯುತ್ತಲೇ ಇದ್ದರೆ, ಅದು ಅರ್ಬುದವೇ ಎಂದು ಪರೀಕ್ಷಿಸಿ ನೋಡಲೇಬೇಕು.

ಇಷ್ಟನ್ನು ಓದಿ ಲಸಿಕೆಯೇ ಬೇಡವೆಂದು ನಿರ್ಧರಿಸುವವರಿದ್ದರೆ ಅವರಿಗೆ ರೇಬೀಸಿನ ನೆನಪಿರಲಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕುಳಿದ ಜೀವವು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಗಳೆಂದು ನಮ್ಮ ಹಿರಿಯರು ನಡುಗುತ್ತಿದ್ದ ಲಸಿಕೆಯು 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ, ಪ್ರಾಣಿಯ ಮೆದುಳಿನ ಅಂಶದಿಂದ ತಯಾರಾಗುತ್ತಿದ್ದ ಮದ್ದು. ಕೆಲವರಿಗೆ ಅದರಿಂದ ಪಾರ್ಶ್ವವಾಯುವೂ ಉಂಟಾಗುತ್ತಿತ್ತು. ಆ ಕೆಡಕನ್ನು ವೈದ್ಯರು ಮುಚ್ಚಿಡದೆ ಬರೆದಿಟ್ಟುದರಿಂದಲೇ ಸುರಕ್ಷಿತವಾದ ಲಸಿಕೆಗಳ ಅನ್ವೇಷಣೆಗೆ ಬಲ ಬಂದಿತು, 2005ರ ಹೊತ್ತಿಗೆ ಭಾರತವು ಹಳೆಯದನ್ನು ಕೈಬಿಟ್ಟಿತು.

ಪ್ರಾಣಿಗಳಿಗೂ ಇದೇ ನ್ಯಾಯ ಸಲ್ಲಬೇಕು. ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆಯ ಚೀಟಿಯನ್ನು ಪುಸ್ತಕಕ್ಕೆ ಅಂಟಿಸುವಂತೆ ಒಡೆಯರು ಆಗ್ರಹಿಸಲಿ. ಏನಾದರೂ ವ್ಯತ್ಯಾಸ ಕಂಡರೆ ಹೊತ್ತನ್ನೂ ಲಕ್ಷಣವನ್ನೂ ಬರೆದಿಟ್ಟು, ಮುಂದಿನ ಸಲ ಸೂಜಿಯನ್ನೆತ್ತುವ ಮುನ್ನವೇ ವೈದ್ಯರಿಗೆ ತಿಳಿಸಲಿ. ವೈದ್ಯರೂ ಅದನ್ನು ಅಲ್ಲಗಳೆಯದೆ ತಯಾರಕರ ಗಮನಕ್ಕೆ ತರಲಿ.