ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸಿದರೆ ಅದು ಕ್ಯಾನ್ಸರ್ ಲಕ್ಷಣವೇ?

‘ಗಂಟಲಲ್ಲಿ ಗಡ್ಡೆ ಇದ್ದಂತೆ ಅನಿಸಿದರೆ ಅದು ಕ್ಯಾನ್ಸರ್’ ಎಂದು ಹೆದರಿಸುವ ಸಂದೇಶಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ‘ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಿರಿ, ಗಡ್ಡೆ ಕರಗುತ್ತದೆ’ ಎನ್ನುವವೂ ಬರುತ್ತವೆ. ಮೊದಲನೆಯದು ಆರೋಗ್ಯವಾಗಿರುವವರ ನಿದ್ದೆ ಕೆಡಿಸುತ್ತದೆ. ಎರಡನೆಯದು ನಿಜವಾಗಿ ಕಾಯಿಲೆ ಇರುವವರ ಸಮಯ ಹಾಳು ಮಾಡುತ್ತದೆ. ಹಾಗಾಗಿ ಈ ವಿಷಯವನ್ನು ನಾವು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಏನಿದು?

ಗಂಟಲಲ್ಲಿ ಉಂಡೆ ಇದ್ದಂತೆ ಅನಿಸುತ್ತದೆ, ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ಇದಕ್ಕೆ ವೈದ್ಯರು ‘ಗ್ಲೋಬಸ್’ ಎನ್ನುತ್ತಾರೆ. ಹಿಂದೆ ಇದನ್ನು ಹಿಸ್ಟೀರಿಯಾ ಎಂದು ತಳ್ಳಿಹಾಕುತ್ತಿದ್ದರು. 1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯರು ಆ ಹೆಸರು ಸರಿಯಲ್ಲವೆಂದು ‘ಗ್ಲೋಬಸ್ ಫ್ಯಾರಿಂಜಿಯಸ್’ ಎಂಬ ಹೆಸರು ಸೂಚಿಸಿದರು. ಗಡ್ಡೆ ಇಲ್ಲದಿದ್ದರೂ ಆ ಅನುಭವ ಸುಳ್ಳಲ್ಲ.

ಏಕೆ ಹೀಗಾಗುತ್ತದೆ?

ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದು ಒಂದು ಸಾಮಾನ್ಯ ಕಾರಣ. ರಾತ್ರಿ ತಡವಾಗಿ ಖಾರದ ಊಟ ಮಾಡಿ ಕೂಡಲೇ ಮಲಗಿದರೆ ಇದು ಹೆಚ್ಚಾಗಬಹುದು. ಇಂಥವರಿಗೆ ನಿಂಬೆರಸ ಉರಿಯನ್ನು ಹೆಚ್ಚಿಸಲೂಬಹುದು. ಚಿಂತೆ, ದುಃಖ ಇದ್ದಾಗ ಗಂಟಲಿನ ಸ್ನಾಯು ಬಿಗಿಯುತ್ತದೆ. ಮೂಗಿನ ಸಿಂಬಳ ಗಂಟಲಿಗೆ ಇಳಿಯುವುದು, ಥೈರಾಯ್ಡ್ ಊತ, ಪದೇಪದೇ ಕ್ಯಾಕರಿಸುವ ಅಭ್ಯಾಸವೂ ಕಾರಣವಾಗಬಹುದು.

ವ್ಯತ್ಯಾಸ ಗುರುತಿಸುವುದು ಹೇಗೆ?

ಗ್ಲೋಬಸ್ ಇದ್ದವರಿಗೆ ಉಗುಳು ನುಂಗುವಾಗ ಉಂಡೆ ಹೆಚ್ಚು ಗೊತ್ತಾಗುತ್ತದೆ, ಊಟ ಮಾಡುವಾಗ ಕಡಿಮೆಯಾಗುತ್ತದೆ. ರೊಟ್ಟಿ, ಅನ್ನ ಸಲೀಸಾಗಿ ಇಳಿಯುತ್ತವೆ. ಆದರೆ ತುತ್ತೇ ಸಿಕ್ಕಿಕೊಳ್ಳುತ್ತಿದ್ದರೆ ಅದು ಬೇರೆ ಮಾತು.

ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಿ:
• ಊಟ ನುಂಗಲು ಕಷ್ಟ ಅಥವಾ ನೋವು
• ಮೂರು ವಾರ ಕಳೆದರೂ ಹೋಗದ ದನಿ ಒಡಕು
• ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು
• ಕಾರಣವಿಲ್ಲದೆ ತೂಕ ಇಳಿಯುವುದು
• ಉಗುಳಿನಲ್ಲಿ ರಕ್ತ
• ಒಂದೇ ಬದಿಯ ಗಂಟಲು ನೋವು, ಕಿವಿ ನೋವು

ಬೀಡಿ, ಗುಟ್ಕಾ, ತಂಬಾಕು, ಮದ್ಯದ ಅಭ್ಯಾಸ ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು.

‘ಧೂಳಿನಿಂದ ಇರಬೇಕು’ ಎಂದು ಸುಮ್ಮನಿರಬಹುದೇ?

ತೆಂಗಳಿಯ ಸುತ್ತಮುತ್ತ, ಅಂದರೆ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಕಡೆ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳಿವೆ. ಧೂಳಿನಿಂದ ಗಂಟಲು ಕೆರೆಯುವುದು ನಿಜ. ಆದರೆ ಮೇಲಿನ ಲಕ್ಷಣಗಳಿದ್ದೂ ‘ಧೂಳಿನಿಂದ’ ಎಂದು ತಿಂಗಳುಗಟ್ಟಲೆ ಕಾಯುವುದು ಅಪಾಯ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಅಗತ್ಯವಿದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಬಹುದು. ಕಿದ್ವಾಯಿ ಗಂಥಿ ಸಂಸ್ಥೆಯ ಕೇಂದ್ರವೂ ಕಲಬುರಗಿಯಲ್ಲಿದೆ. ಕಿವಿ, ಮೂಗು, ಗಂಟಲಿನ ತಜ್ಞರು ಸಣ್ಣ ಕ್ಯಾಮೆರಾ ಇಳಿಸಿ ಕೆಲವೇ ನಿಮಿಷಗಳಲ್ಲಿ ಗಂಟಲು ನೋಡುತ್ತಾರೆ. ಏನೂ ಇಲ್ಲವೆಂದು ಗೊತ್ತಾದ ಮೇಲೆ ಎಷ್ಟೋ ಜನರಿಗೆ ಆ ಉಂಡೆಯ ಅನುಭವವೇ ಕಡಿಮೆಯಾಗುತ್ತದೆ.

ಒಟ್ಟಾರೆ ಹೇಳುವುದಾದರೆ

ಗಂಟಲಲ್ಲಿ ಉಂಡೆ ಇದ್ದಂತೆ ಅನಿಸುವುದೆಲ್ಲ ಕ್ಯಾನ್ಸರ್ ಅಲ್ಲ. ಹಾಗೆಂದು ಎಲ್ಲವೂ ನಿಂಬೆನೀರಿಗೆ ಕರಗುವುದೂ ಇಲ್ಲ. ಇಂಥ ಸಂದೇಶ ಬಂದಾಗ ಮುಂದೆ ಕಳಿಸುವ ಮೊದಲು, ಮನೆಯಲ್ಲಿ ತೊಂದರೆ ಇರುವವರನ್ನು ಒಂದು ಮಾತು ಕೇಳಿ: ‘ಊಟ ಸಲೀಸಾಗಿ ಇಳಿಯುತ್ತಿದೆಯೇ?’