ಲಾವಾದ ಮೇಲಿನ ಹಾದಿ, ಅದರಡಿಯ ನೀರು

ಕಾಡಿನ ಹಾದಿಯಲ್ಲಿ ಚಕ್ರ ಉರುಳಬಹುದೇ? ಈ ಪ್ರಶ್ನೆ ನಮ್ಮ ಬೆಟ್ಟಗಳಿಗೂ ಬಂದು ನಿಂತಿದೆ. ರಜಾದಿನಗಳಲ್ಲಿ ಜೀಪು, ಮೋಟಾರು ಬೈಕುಗಳು ಹುಲ್ಲುಬೆಟ್ಟಗಳ ನೆತ್ತಿಯನ್ನು ಏರುತ್ತವೆ. ದಪ್ಪ ಗಾಲಿಯ ಬೆಟ್ಟದ ಸೈಕಲ್ಲುಗಳೂ ಬರತೊಡಗಿವೆ. ಚಕ್ರಗಳೆಲ್ಲ ಒಂದೇ ಎಂದು ದೂಷಿಸುವುದು ಸುಲಭ. ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ, ಆದ್ದರಿಂದ ಹಾನಿಯೂ ಇಲ್ಲ ಎನ್ನುವುದು ಇನ್ನೂ ಸುಲಭ. ಇವೆರಡೂ ವಿಚಾರವಂತರ ಮಾತಲ್ಲ. ಸೈಕಲ್ ಸವಾರರಲ್ಲಿ ಹೆಸರಾದ, ಕಠಿಣವೂ ಆದ ಹೊರದೇಶದ ಒಂದು ಹಾದಿಯ ಮೂಲಕ ಇದನ್ನು ಪರಿಶೀಲಿಸೋಣ.

ಅಮೆರಿಕದ ಪಶ್ಚಿಮದಂಚಿನ ಒರೆಗಾನ್ ರಾಜ್ಯದಲ್ಲಿ ಕ್ಯಾಸ್ಕೇಡ್ ಎಂಬ ಜ್ವಾಲಾಮುಖಿ ಪರ್ವತಶ್ರೇಣಿಯಿದೆ. ಅಲ್ಲಿನ ವಿಲಾಮೆಟ್ ರಾಷ್ಟ್ರೀಯ ಅರಣ್ಯದಲ್ಲಿ ಮೆಕೆಂಜಿ ನದಿಯನ್ನು ಅನುಸರಿಸಿ ಸುಮಾರು 42 ಕಿಲೋಮೀಟರ್ ಉದ್ದದ ಕಾಲುಹಾದಿಯೊಂದು ಇಳಿಯುತ್ತದೆ. ನಡೆಯುವವರೂ ಸೈಕಲ್ ತುಳಿಯುವವರೂ ಅದನ್ನು ಹಂಚಿಕೊಳ್ಳುತ್ತಾರೆ. ಮೇಲ್ತುದಿಯ ಸಮೀಪ ಕ್ಲಿಯರ್ ಲೇಕ್ ಎಂಬ ಸರೋವರವಿದೆ. ಸುಮಾರು 3,000 ವರ್ಷಗಳ ಹಿಂದೆ ಹರಿದುಬಂದ ಲಾವಾ ನದಿಗೆ ಅಡ್ಡಗಟ್ಟಿದಾಗ ಅದು ಹುಟ್ಟಿತು. ಅಂದು ಮುಳುಗಿದ ಮರಗಳ ಕಾಂಡಗಳು ಕೊರೆಯುವ ನೀರಿನಲ್ಲಿ ಕೊಳೆಯದೆ ಇಂದಿಗೂ ನೆಟ್ಟಗೆ ನಿಂತಿವೆ. ಕೆಳಗೆ ಸಹಾಲಿ, ಕೂಸಾ ಎಂಬ ಎರಡು ಜಲಪಾತಗಳು. ಸುತ್ತ ಮುಗಿಲೆತ್ತರದ ಡಗ್ಲಸ್ ಫರ್ ಮರಗಳು.

ಮುಂದೆ ಹಾದಿಯ ಸ್ವಭಾವ ಬದಲಾಗುತ್ತದೆ. ಸುಮಾರು 1,600 ವರ್ಷಗಳ ಹಿಂದೆ ಬೆಲ್ಕ್ನಾಪ್ ಜ್ವಾಲಾಮುಖಿಯಿಂದ ಬಂದ ಲಾವಾ ಇಲ್ಲಿ ನದೀಪಾತ್ರವನ್ನೇ ಮುಚ್ಚಿದೆ. ಗರಗಸದ ಹಲ್ಲಿನಂತಹ ಕಪ್ಪು ಕಲ್ಲುಗಳು, ಅವುಗಳ ನಡುವೆ ಹೆಣೆದುಕೊಂಡ ಬೇರುಗಳು. ನುರಿತ ಸವಾರರೂ ಸೈಕಲ್ಲಿನಿಂದಿಳಿದು ಅದನ್ನು ಹೆಗಲಿಗೇರಿಸುವ ಜಾಗವಿದು. ಹೊಳೆಯ ನೀರು ಲಾವಾದ ಸಂದುಗಳಲ್ಲಿ ಇಂಗಿ ಅದೃಶ್ಯವಾಗುತ್ತದೆ. ಉಳಿದ ಹರಿವಿನ ಬಹುಭಾಗವನ್ನು 1960ರ ದಶಕದ ಜಲವಿದ್ಯುತ್ ಯೋಜನೆಯೊಂದು ಸುರಂಗದಲ್ಲಿ ತಿರುಗಿಸಿದೆ. ಕೆಲವು ಕಿಲೋಮೀಟರ್ ಒಣಪಾತ್ರದ ಬಳಿಕ ಟಾಮೊಲಿಚ್ ಎಂಬ ನೀಲಿ ಮಡುವಿನಲ್ಲಿ ನೀರು ತಳದಿಂದ ಉಕ್ಕುತ್ತದೆ. ಸ್ಥಳೀಯ ಚಿನೂಕ್ ಮಿಶ್ರಭಾಷೆಯಲ್ಲಿ ಆ ಹೆಸರಿಗೆ ಕಡಾಯದಂತಹ ಪಾತ್ರೆ ಎಂಬ ಅರ್ಥವಿದೆ.

ಸವಾರನ ಸಾಹಸಕ್ಕಿಂತ ಮಿಗಿಲಾದ ಸಂಗತಿ ಅವನ ಗಾಲಿಯ ಕೆಳಗಿದೆ. ಶಿಖರದ ಹಿಮ ಕರಗಿ, ಬಿರುಕುಬಿಟ್ಟ ಎಳೆಯ ಲಾವಾದೊಳಗೆ ಇಳಿದು, ವರ್ಷಗಳ ಬಳಿಕ ಒರತೆಯಾಗಿ ಹೊರಬರುತ್ತದೆ. ಕೆಳಗಿನ ಯುಜೀನ್ ನಗರ ಕುಡಿಯುವುದು ಈ ನದಿಯ ನೀರನ್ನೇ. ಬೇಸಿಗೆಯ ಕೊನೆಯಲ್ಲೂ ಹೊಳೆ ತುಂಬಿರುವುದು ಈ ಒರತೆಗಳ ದೆಸೆಯಿಂದ. ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು ಹಗುರ, ಸಡಿಲ. ಮರದ ಬೇರು, ತರಗೆಲೆಗಳ ಹೊದಿಕೆ ಇರುವತನಕ ಅದು ನೀರನ್ನು ಹೀರುತ್ತದೆ. ಹೊದಿಕೆ ಹರಿದು ನೆಲ ತುಳಿತಕ್ಕೆ ಗಟ್ಟಿಯಾದರೆ ನೀರು ಮೇಲೆಯೇ ಓಡುತ್ತದೆ.

ಹಾಗಾದರೆ ಆ ಹಾದಿ ಹೇಗೆ ಉಳಿದಿದೆ? ಮೊದಲನೆಯದು, ಗಡಿ. ಅಮೆರಿಕದ 1964ರ ವನ್ಯಪ್ರದೇಶ ಕಾಯ್ದೆಯು ಘೋಷಿತ ವನ್ಯಪ್ರದೇಶಗಳಲ್ಲಿ ಯಾಂತ್ರಿಕ ಸಾರಿಗೆಯನ್ನು ನಿಷೇಧಿಸುತ್ತದೆ. ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ. ಲಾವಾ ಉಕ್ಕಿದ ಬೆಲ್ಕ್ನಾಪ್ ಅಂತಹ ವನ್ಯಪ್ರದೇಶದೊಳಗಿದೆ. ಅದೇ ಲಾವಾದ ಕೆಳಗಿನ ಅಂಚಿನಲ್ಲಿ ಮಾತ್ರ ಸೈಕಲ್ಲಿಗೆ ಅವಕಾಶ. ಎರಡನೆಯದು, ದುರಸ್ತಿ. ಬಿದ್ದ ಮರಗಳನ್ನು ಕೊಯ್ದು ಸರಿಸಲು, ಮರದ ದಿಮ್ಮಿಯ ಕಾಲುಸಂಕಗಳನ್ನು ಸುಸ್ಥಿತಿಯಲ್ಲಿಡಲು, ನೀರು ಹಾದಿಯಗುಂಟ ಹರಿಯದೆ ಅಡ್ಡಕ್ಕೆ ಹೊರಹೋಗುವಂತೆ ತಗ್ಗು ತೆಗೆಯಲು ಅರಣ್ಯ ಇಲಾಖೆಯೊಡನೆ ಸ್ವಯಂಸೇವಕರೂ ದುಡಿಯುತ್ತಾರೆ. ಅವರಲ್ಲಿ ಸೈಕಲ್ ಸವಾರರೂ ಇದ್ದಾರೆ.

ಮೊಂಟಾನಾ ರಾಜ್ಯದ ಬೆಟ್ಟದ ಹಾದಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕಾರಿಯಾಗಿದೆ. ಚಕ್ರಗಳಿಗಿಂತ ಕುದುರೆಯ ಗೊರಸು ಹಾಗೂ ಮನುಷ್ಯರ ಕಾಲು ಹೆಚ್ಚು ಮಣ್ಣನ್ನು ಸಡಿಲಗೊಳಿಸಿದವು. ಒದ್ದೆ ನೆಲದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ಚಾರಣಿಗನಿಗೆ ಸೈಕಲ್ಲಿನವನನ್ನು ದೂರುವ ಹಕ್ಕು ತಾನಾಗಿಯೇ ಬರುವುದಿಲ್ಲ. ಆದರೆ ಸೈಕಲ್ಲಿನವನು ನಿಶ್ಚಿಂತನಾಗುವಂತೆಯೂ ಇಲ್ಲ. ಗಾಲಿ ಎಳೆಯುವುದು ಎಡೆಬಿಡದ ಗೆರೆಯನ್ನು. ಇಳಿಜಾರಿಗೆ ನೇರವಾದ ಅಂತಹ ಗೆರೆ ಮಳೆನೀರಿಗೆ ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ.

ನಮ್ಮ ಮಲೆನಾಡು ಎಳೆಯ ಲಾವಾದ ನಾಡಲ್ಲ. ಆದರೂ ಇಲ್ಲಿನ ಜಂಬಿಟ್ಟಿಗೆ ಕಲ್ಲು ತನ್ನ ರಂಧ್ರಗಳಲ್ಲಿ ಮಳೆಯನ್ನು ಇಂಗಿಸಿ ಒರತೆಗಳಿಗೆ ಉಣಿಸುತ್ತದೆ. ಅಲ್ಲಿ ನೀರಿನ ಬಹುಪಾಲು ಹಿಮವಾಗಿ ಬಿದ್ದು ನಿಧಾನ ಕರಗುತ್ತದೆ. ಇಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಸುರಿದುಬಿಡುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರಿಗೂ ಅಧಿಕ. ಇಂತಹ ಮಳೆಯಡಿ ಒಂದು ಚಡಿಗೆ ಎರಡು ಮಳೆಗಾಲ ಸಾಕು. ಅದು ಹಳ್ಳವಾಗಿ, ಕೊಚ್ಚಿದ ಮಣ್ಣು ಗದ್ದೆಯ ಬಾಯಿಗೂ ಕುಡಿಯುವ ತೊರೆಗೂ ಬರುತ್ತದೆ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯ ಕುಮಾರಪರ್ವತದಲ್ಲಿ ಸಾವಿರಾರು ಜನ ಕಿಕ್ಕಿರಿದ ಬಳಿಕವೇ ಸರ್ಕಾರ ಚಾರಣವನ್ನು ತಡೆದು, ಮುಂಗಡ ನೋಂದಣಿಯ ಕಡೆಗೆ ಹೊರಳಿತು.

ಆದುದರಿಂದ ನಮ್ಮ ನಿಲುವು ಹೀಗಿದೆ. ಜೀಪು, ಮೋಟಾರು ಬೈಕು ಕಾಲುಹಾದಿಗೂ ಹುಲ್ಲುಬೆಟ್ಟಕ್ಕೂ ಬರಕೂಡದು. ಸೈಕಲ್ಲಿಗೆ ಅವಕಾಶ ಕೊಡುವುದಾದರೆ ಹಳೆಯ ಬಂಡಿದಾರಿಗಳಲ್ಲಿ, ಇಲಾಖೆಯ ಅನುಮತಿಯಿಂದ, ಮಳೆಗಾಲ ಕಳೆದು ನೆಲ ಆರಿದ ಮೇಲೆ ಮಾತ್ರ. ಶೋಲಾ ಕಾಡು, ಜೌಗು, ಒರತೆಯ ಮೇಲ್ಭಾಗಗಳನ್ನು ಪೂರ್ತಿ ಬಿಡಬೇಕು. ಯಾವ ಹಾದಿ ತೆರೆಯಬೇಕೆಂಬ ನಿರ್ಧಾರದಲ್ಲಿ, ಆ ತೊರೆಯ ನೀರು ಕುಡಿಯುವ ಊರಿನ ಗ್ರಾಮಸಭೆಯ ಮಾತು ಮೊದಲು ಕೇಳಿಬರಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಸೈಕಲ್ ಏರುವ ಮುನ್ನ ಮಳೆಗಾಲದ ಒಂದು ದಿನ ಛತ್ರಿ ಹಿಡಿದು ಆ ಹಾದಿಯಲ್ಲಿ ನಡೆದುಬನ್ನಿ. ನೀರು ಎಲ್ಲಿ ಹಾದಿಗಿಳಿಯುತ್ತದೆ, ಎಲ್ಲಿ ಕೆಂಪಾಗುತ್ತದೆ ಎಂದು ಗುರುತಿಸಿ. ಬೇಸಿಗೆಯಲ್ಲಿ ಹಾರೆ, ಗುದ್ದಲಿ ಹಿಡಿದು ಅಲ್ಲಿ ಅಡ್ಡಗಾಲುವೆ ತೆಗೆಯಲು ಊರವರೊಡನೆ ಕೈಜೋಡಿಸಿ. ಸವಾರಿಯ ವಿಚಾರವನ್ನು ಆಮೇಲೆ ಅವರೊಡನೆ ಕುಳಿತು ಮಾತನಾಡಬಹುದು.