ಹಾರುವ ತಟ್ಟೆಯ ಚೂರು

ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮೆಗ್ನೀಷಿಯಂ ಪಟ್ಟಿ ಕಣ್ಣು ಕೋರೈಸುವಂತೆ ಉರಿಯುವುದನ್ನು ನೀವು ನೋಡಿರುತ್ತೀರಿ. ಇದೇ ಲೋಹದ ಕೆಲವು ಚೂರುಗಳು ಒಂದು ಕಾಲದಲ್ಲಿ ಅನ್ಯಲೋಕದಿಂದ ಬಂದವೆಂದು ಹೆಸರು ಮಾಡಿದ್ದವು.

1957ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿದ್ದ ಅಂಕಣಕಾರ ಇಬ್ರಾಹಿಂ ಸುವೆದ್ ಅವರಿಗೆ ಒಂದು ಪತ್ರ ಬಂತು. ಉಬಾಟುಬಾದ ಬಳಿ ಮೀನು ಹಿಡಿಯುತ್ತಿದ್ದಾಗ ಹಾರುವ ತಟ್ಟೆಯೊಂದು ರಭಸದಿಂದ ಇಳಿದು, ಇನ್ನೇನು ನೀರಿಗೆ ಬೀಳಬೇಕು ಎನ್ನುವಾಗ ಮೇಲೇರಿ ಸಿಡಿಯಿತಂತೆ. ಲಕೋಟೆಯಲ್ಲಿ ಅದರ ಚೂರುಗಳೂ ಇದ್ದವು. ಸಹಿ ಮಾತ್ರ ಓದಲಾಗದಂತಿತ್ತು. ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಚೂರುಗಳನ್ನು ಪಡೆದ ಒಲಾವೊ ಫೊಂಟೆಸ್ ಎಂಬ ವೈದ್ಯರು ಅವನ್ನು ಪರೀಕ್ಷೆಗೆ ಕೊಡಿಸಿದರು. ಅಲ್ಲಿನ ರೋಹಿತ ಪರೀಕ್ಷೆಯಲ್ಲಿ ಮೆಗ್ನೀಷಿಯಂ ಬಿಟ್ಟು ಬೇರೆ ಲೋಹ ಕಾಣಲಿಲ್ಲ. ಅಷ್ಟು ಸಾಕಾಯಿತು! ಇಷ್ಟು ಶುದ್ಧ ಲೋಹವನ್ನು ಮನುಷ್ಯ ತಯಾರಿಸಲಾರ, ಆದ್ದರಿಂದ ಇದು ಭೂಮಿಯದಲ್ಲ ಎಂಬ ವಾದ ಹುಟ್ಟಿತು. ಉಪಕರಣಕ್ಕೆ ಕಾಣಲಿಲ್ಲ ಎಂಬುದಕ್ಕೂ ವಸ್ತುವಿನಲ್ಲಿ ಇಲ್ಲವೇ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಪರೀಕ್ಷೆಗಳಲ್ಲೇ ಒಂದು ಚೂರು ಪೂರ್ತಿ ಖರ್ಚಾಗಿಹೋಯಿತು. ಅದನ್ನು ಮತ್ತೆ ಒರೆಗೆ ಹಚ್ಚುವಂತಿರಲಿಲ್ಲ.

ಮುಂದೆ ಅಮೆರಿಕದ ವಾಯುಪಡೆಯ ಕೋರಿಕೆಯಂತೆ ಕೊಲರಾಡೊ ವಿಶ್ವವಿದ್ಯಾಲಯ ಇಂಥ ವರದಿಗಳ ತನಿಖೆ ಕೈಗೊಂಡಿತು. ಭೌತಿಕ ಸಾಕ್ಷ್ಯಗಳ ಹೊಣೆ ರಸಾಯನ ವಿಜ್ಞಾನಿ ರಾಯ್ ಕ್ರೇಗ್ ಅವರದು. ಉಳಿದಿದ್ದ ಚೂರಿನ ಒಂದಂಶವನ್ನು ಅವರು 1968ರಲ್ಲಿ ನ್ಯೂಟ್ರಾನ್ ಪರೀಕ್ಷೆಗೆ ಒಳಪಡಿಸಿದರು. ಅದು ನಡೆದದ್ದು ಮದ್ಯ ಮತ್ತು ತಂಬಾಕು ತೆರಿಗೆ ವಿಭಾಗದ ಪ್ರಯೋಗಾಲಯದಲ್ಲಿ ಎಂಬುದು ಸ್ವಾರಸ್ಯ. ನ್ಯೂಟ್ರಾನುಗಳು ತಾಗಿದಾಗ ವಸ್ತುವಿನೊಳಗಿನ ಧಾತುಗಳು ವಿಕಿರಣಶೀಲವಾಗುತ್ತವೆ. ಆಗ ಹೊಮ್ಮುವ ಗಾಮಾ ಕಿರಣಗಳ ಶಕ್ತಿ ಒಂದೊಂದು ಧಾತುವಿಗೂ ಬೇರೆ ಬೇರೆ. ಹೀಗಾಗಿ ಅತ್ಯಲ್ಪ ಪ್ರಮಾಣದ ಕಲ್ಮಷವೂ ಸಿಕ್ಕಿಬೀಳುತ್ತದೆ.

ಹೋಲಿಕೆಗೆಂದು ಡೌ ಕೆಮಿಕಲ್ ಕಂಪನಿಯ ಶುದ್ಧ ಮೆಗ್ನೀಷಿಯಂ ಇತ್ತು. ಅದರಲ್ಲಿ ಸತುವು ಹತ್ತು ಲಕ್ಷ ಪಾಲಿಗೆ ಸುಮಾರು 5 ಪಾಲು. ಉಬಾಟುಬಾದ ಚೂರಿನಲ್ಲಿ ಸುಮಾರು 500! ಮ್ಯಾಂಗನೀಸು 5ರ ಬದಲು 35. ಕಾರ್ಖಾನೆಯ ಲೋಹವೇ ಹೆಚ್ಚು ಶುದ್ಧ.

ಒಂದು ತೊಡಕು ಉಳಿದಿತ್ತು. ಚೂರಿನಲ್ಲಿ 500 ಪಾಲಿನಷ್ಟು ಸ್ಟ್ರಾನ್ಷಿಯಂ ಇತ್ತು. ಮಾಮೂಲಿ ಮೆಗ್ನೀಷಿಯಂನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಕ್ರೇಗ್ ಇದನ್ನು ಬದಿಗೆ ಸರಿಸಲಿಲ್ಲ, ಕಂಪನಿಯಲ್ಲೇ ವಿಚಾರಿಸಿದರು. ಹೆಚ್ಚುಕಡಿಮೆ ಇಷ್ಟೇ ಸ್ಟ್ರಾನ್ಷಿಯಂ ಬೆರೆಸಿದ 700 ಗ್ರಾಂ ಮೆಗ್ನೀಷಿಯಂ ಡೌ ಪ್ರಯೋಗಾಲಯದಲ್ಲಿ 1940ರ ಮಾರ್ಚ್ 25ರಂದೇ ತಯಾರಾಗಿತ್ತು.

ಚೂರು ಡೌ ಕಂಪನಿಯದೇ ಎಂದು ಕ್ರೇಗ್ ಹೇಳಲಿಲ್ಲ. ಅದರ ರಚನೆಯಲ್ಲಿ ಭೂಮಿಗೆ ಹೊರತಾದದ್ದೇನೂ ಇಲ್ಲ, ಆದ್ದರಿಂದ ಅದು ಅನ್ಯಲೋಕದ ವಾಹನಕ್ಕೆ ಸಾಕ್ಷಿಯಾಗದು ಎಂದಷ್ಟೇ ಬರೆದರು.